ಮೆಸ್‌ನಲ್ಲಿ ಊಟದ ಕಾರ್ಡ್ ಡಿಕ್ಲೈನ್ ಆಗುತ್ತಿದ್ದರೆ

ನಿಮ್ಮ ಆಫೀಸು ಊಟಕ್ಕೆ ಕೊಡುತ್ತಿದ್ದ ಕಾಗದದ ಕೂಪನ್ ನಿಲ್ಲಿಸಿ ಕಾರ್ಡ್ ಕೊಟ್ಟಿದೆ; ಕೂಪನ್ ಹರಿದು ಕೊಡುತ್ತಿದ್ದ ಅದೇ ಮೆಸ್‌ನಲ್ಲಿ ಬ್ಯಾಲೆನ್ಸ್ ಇದ್ದರೂ ಹೊಸ ಕಾರ್ಡ್ ಡಿಕ್ಲೈನ್ ಆಗುತ್ತಿದೆ ಅಂದಿರಿ. ಹಾಗಿದ್ದರೆ ತಪ್ಪು ಬಹುಶಃ ಕಾರ್ಡಿನದಲ್ಲ, ಮೆಸ್‌ನವರ ಸ್ವೈಪ್ ಮೆಷಿನ್ನಿನದು. ಪ್ರತಿ ಮೆಷಿನ್ನಿಗೂ ಬ್ಯಾಂಕು ವ್ಯಾಪಾರದ ಕೋಡ್ ಒಂದನ್ನು ಕೊಟ್ಟಿರುತ್ತದೆ. ಹೋಟೆಲಿಗೆ 5812, ಫಾಸ್ಟ್ ಫುಡ್‌ಗೆ 5814, ದಿನಸಿಗೆ 5411. ಊಟದ ಕಾರ್ಡು ಸಾಮಾನ್ಯವಾಗಿ ಇಂಥ ಕೋಡ್‌ಗಳಲ್ಲಷ್ಟೇ ನಡೆಯುತ್ತದೆ. ಎಷ್ಟೋ ಮೆಸ್‌ಗಳ ಮೆಷಿನ್ ಮಾಲೀಕರ ಬೇರಾವುದೋ ಅಂಗಡಿಯ ಹೆಸರಲ್ಲಿರುತ್ತದೆ, ಹಾಗಾಗಿ ಕೋಡೂ ಬೇರೆಯಿದ್ದು ಕಾರ್ಡ್ ಡಿಕ್ಲೈನ್ ಆಗುತ್ತದೆ.

ಮೊದಲು ಆ್ಯಪ್‌ನಲ್ಲಿ ಕಾರ್ಡ್ ಆ್ಯಕ್ಟಿವೇಟ್ ಆಗಿದೆಯೇ, ಪಿನ್ ಹಾಕಿದ್ದೀರಾ ನೋಡಿ. ಆಮೇಲೆ ಯಾವುದಾದರೂ ದೊಡ್ಡ ಹೋಟೆಲಿನಲ್ಲಿ ಒಂದು ಕಾಫಿ ಕುಡಿದು ಅದೇ ಕಾರ್ಡ್ ಕೊಡಿ. ಅಲ್ಲೂ ನಡೆಯದಿದ್ದರೆ ಕಾರ್ಡ್ ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ. ಅಲ್ಲಿ ನಡೆದರೆ ಮೆಸ್‌ನಲ್ಲಿ ಡಿಕ್ಲೈನ್ ಆದ ಚೀಟಿ ಇಸಿದುಕೊಳ್ಳಿ. ಅದರ ಮೇಲಿನ ಅಂಗಡಿಯ ಹೆಸರು ಮತ್ತು ಟಿಐಡಿ (ಆ ಮೆಷಿನ್ನಿನ ಗುರುತಿನ) ನಂಬರೇ ಮುಖ್ಯ. ಚೀಟಿಯ ಫೋಟೋವನ್ನು ಎಚ್‌ಆರ್‌ಗೆ ಕಳಿಸಿ, ಕಾರ್ಡ್ ನಡೆಯುವ ಅಂಗಡಿಗಳ ಪಟ್ಟಿಗೆ ಮೆಸ್ಸನ್ನು ಸೇರಿಸುವಂತೆ ಕಾರ್ಡ್ ಕಂಪನಿಯನ್ನು ಕೇಳಲು ಹೇಳಿ. ಮೆಸ್ ಮಾಲೀಕರು ತಮ್ಮ ಬ್ಯಾಂಕಿಗೆ ಹೇಳಿ ಕೋಡ್ ಬದಲಿಸಿಕೊಂಡರೂ ಆಗುತ್ತದೆ, ಆದರೆ ಮಧ್ಯಾಹ್ನದ ನೂಕುನುಗ್ಗಲಿನಲ್ಲಿ ಇದನ್ನು ಕೇಳಲು ಹೋಗಬೇಡಿ, ಬೈಸಿಕೊಳ್ಳುತ್ತೀರಿ.

ಕೈಯಲ್ಲಿ ಉಳಿದ ಕಾಗದದ ಕೂಪನ್? ಅವು ನಿಮ್ಮ ಆಫೀಸೇ ಅಚ್ಚು ಹಾಕಿಸಿದವಾದ್ದರಿಂದ ಕಾರ್ಡಿಗೆ ತಾನಾಗಿ ಜಮಾ ಆಗುವುದಿಲ್ಲ. ಮೆಸ್‌ನ ಲೆಕ್ಕ ಚುಕ್ತಾ ಆಗುವ ಕೊನೆಯ ದಿನ ಯಾವುದೆಂದು ಅಕೌಂಟ್ಸ್‌ನವರನ್ನು ಇಮೇಲ್‌ನಲ್ಲೇ ಕೇಳಿ, ಅದರೊಳಗೆ ಖರ್ಚು ಮಾಡಿಬಿಡಿ.