ಗರ್ಭಪಾತವಾಗಿ ಎರಡೇ ತಿಂಗಳಿಗೆ ಮತ್ತೆ ಗರ್ಭಿಣಿ, ತುಂಬಾ ಬೇಗ ಆಯ್ತಾ?

"ಮೈ ಇನ್ನೂ ಹಸಿ, ಇಷ್ಟು ಬೇಗ ಬೇಡವಾಗಿತ್ತು" ಎಂದು ಮನೆಯವರು ಹೇಳುತ್ತಾರೆ ಅಂತ ನಿಮ್ಮ ಪ್ರಶ್ನೆಯಲ್ಲಿ ಬರೆದಿದ್ದೀರಲ್ಲ, ನಮ್ಮತ್ತೆಯೂ ನನಗೆ ಇದೇ ಮಾತು ಹೇಳಿದ್ದರು.

ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಆಷಾಢದ ಮಳೆ. ಮೂರು ತಿಂಗಳು ತುಂಬಿ ಒಂದು ವಾರ ಆಗಿತ್ತು. ರಾತ್ರಿ ಹೊಟ್ಟೆನೋವು ಶುರುವಾಗಿ ಬೆಳಗಾಗುವಷ್ಟರಲ್ಲಿ ಎಲ್ಲಾ ಹೋಯಿತು. ಪೇಟೆಯ ನರ್ಸಿಂಗ್ ಹೋಮಿನಲ್ಲಿ ಕ್ಲೀನ್ ಮಾಡಿ ಮರುದಿನ ಕಳಿಸಿದರು. ಹೊರಡುವಾಗ ನರ್ಸ್ ಒಂದು ಚೀಟಿ ಕೊಟ್ಟು, "ನಿಮ್ಮದು ನೆಗೆಟಿವ್ ರಕ್ತ. ಒಂದು ಇಂಜೆಕ್ಷನ್ ಶಿವಮೊಗ್ಗದಿಂದ ತರಿಸುತ್ತೇವೆ, ನಾಳೆ ಬಂದು ಹಾಕಿಸಿಕೊಳ್ಳಿ, ಮೂರು ದಿನದ ಒಳಗೇ ಆಗಬೇಕು" ಎಂದರು.

ನಾನು ಹೋಗಲಿಲ್ಲ.

ಇದನ್ನು ಬಿಡಿಸಿ ಹೇಳಬೇಕು. ಮಳೆ ಇತ್ತು, ನಿಜ. ಹಳ್ಳದ ನೀರು ಸಂಕದ ಮೇಲೆ ಹರಿಯುತ್ತಿತ್ತು, ಅದೂ ನಿಜ. ಆದರೆ ಮರುದಿನ ಮಧ್ಯಾಹ್ನ ನೀರು ಇಳಿದಿತ್ತು, ನಮ್ಮನೆಯವರು ಜೀಪು ತರುತ್ತೇನೆ ಅಂದರು. ನಾನೇ ಬೇಡ ಅಂದೆ. ಅದು ಬಸುರಿಯರಿಗೆ ಕೊಡುವ ಇಂಜೆಕ್ಷನ್ ಅಂತ ನನ್ನ ತಲೆಯಲ್ಲಿ ಕೂತಿತ್ತು. ಮಗುವೇ ಹೋದ ಮೇಲೆ ಯಾರಿಗೆ ಇಂಜೆಕ್ಷನ್? ಅಲ್ಲದೆ ಮತ್ತೆ ಅಲ್ಲಿಗೆ ಹೋಗಿ, ತುಂಬಿದ ಹೊಟ್ಟೆಯವರ ಸಾಲಿನಲ್ಲಿ ಕೂರಲು ಮನಸ್ಸು ಬರಲಿಲ್ಲ. ಚೀಟಿಯನ್ನು ಬಚ್ಚಲೊಲೆಗೆ ಹಾಕಿದೆ. ಒದ್ದೆ ಕಾಗದ, ಕೂಡಲೇ ಹತ್ತಿಕೊಳ್ಳಲಿಲ್ಲ. ಹೊಗೆಯಾಡುತ್ತಾ ಸುರುಟಿಕೊಂಡಿತು. ಕೈ ಹಾಕಿ ತೆಗೆಯಬಹುದಿತ್ತು.

ತಾಯಿಯ ರಕ್ತ ನೆಗೆಟಿವ್, ಮಗುವಿನದು ಪಾಸಿಟಿವ್ ಆಗಿದ್ದರೆ, ಗರ್ಭ ಹೋಗುವಾಗಲೋ ಕ್ಲೀನ್ ಮಾಡುವಾಗಲೋ ಮಗುವಿನ ರಕ್ತ ಚೂರು ತಾಯಿಗೆ ಸೇರಬಹುದು. ತಾಯಿಯ ಮೈ ಅದನ್ನು ಹೊರಗಿನದು ಎಂದುಕೊಂಡು, ಅದರ ವಿರುದ್ಧ ಹೋರಾಡಲು ಆಂಟಿಬಾಡಿ ಮಾಡಿಟ್ಟುಕೊಳ್ಳುತ್ತದೆ. ಮುಂದಿನ ಮಗುವೂ ಪಾಸಿಟಿವ್ ಆದರೆ ಆ ಆಂಟಿಬಾಡಿ ಮಗುವಿನ ರಕ್ತವನ್ನು ಒಡೆಯುತ್ತದೆ. 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಕೊಡುವುದು ಇದನ್ನು ತಪ್ಪಿಸಲಿಕ್ಕೆ. ಬರುವ ಮಗುವಿಗೋಸ್ಕರ ಹಾಕಿಸಿಕೊಳ್ಳುವ ಇಂಜೆಕ್ಷನ್ ಅದು. ಅವತ್ತು ಇಷ್ಟು ಗೊತ್ತಿದ್ದಿದ್ದರೆ ನಡೆದುಕೊಂಡಾದರೂ ಹೋಗುತ್ತಿದ್ದೆ.

ಮೂರು ತಿಂಗಳಿಗೆ, ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ, ಮತ್ತೆ ನಿಂತಿತು. ತಾಯಿಯ ರಕ್ತದಲ್ಲಿ ಈ ಆಂಟಿಬಾಡಿ ಇದೆಯಾ ಎಂದು ನೋಡುವ ಪರೀಕ್ಷೆಗೆ ಐಸಿಟಿ ಅನ್ನುತ್ತಾರೆ. ಮೊದಲ ಸಲವೇ ಅದು ಪಾಸಿಟಿವ್, ಅಂದರೆ ಆಂಟಿಬಾಡಿ ಬಂದುಬಿಟ್ಟಿತ್ತು. ಐದನೇ ತಿಂಗಳಲ್ಲಿ ಆಂಟಿಬಾಡಿಯ ಪ್ರಮಾಣ 1:32ಕ್ಕೆ ಏರಿತು, ಮಗುವಿನ ಮೇಲೆ ಕಣ್ಣಿಡಲೇಬೇಕಾದ ಮಟ್ಟ ಅದು. ಅಲ್ಲಿಂದ ಎರಡು ವಾರಕ್ಕೊಮ್ಮೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ. 14 ತಿರುವು, ಒಂದೊಂದಕ್ಕೂ ಹೊಟ್ಟೆ ಹಿಡಿದು ಕೂರುತ್ತಿದ್ದೆ. ಮಗುವಿನ ಮಿದುಳಿನ ರಕ್ತನಾಳದಲ್ಲಿ ರಕ್ತ ಎಷ್ಟು ಜೋರಾಗಿ ಓಡುತ್ತಿದೆ ಅಂತ ಸ್ಕ್ಯಾನಿಂಗ್‌ನಲ್ಲಿ ನೋಡುತ್ತಾರೆ. ಜಾಸ್ತಿ ಜೋರಾದರೆ ಮಗುವಿಗೆ ರಕ್ತ ಕಡಿಮೆಯಾಗಿದೆ ಎಂದರ್ಥ. 37 ವಾರಕ್ಕೆ ಹೆರಿಗೆ ಮಾಡಿಸಿದರು. ಹುಟ್ಟಿದ ದಿನವೇ ಮಗಳು ಅರಿಶಿನ ಹಚ್ಚಿದ ಹಾಗಿದ್ದಳು. ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ಬೆಳಕಿನ ಕೆಳಗೆ ಮಲಗಿಸಿದರು. ಸಾಲದೆ, ಹೊಕ್ಕುಳಿನಿಂದ ಅವಳ ರಕ್ತ ಸ್ವಲ್ಪ ಸ್ವಲ್ಪವೇ ತೆಗೆದು ಬೇರೆ ರಕ್ತ ಕೊಟ್ಟರು. ಈಗ ಎರಡನೇ ಕ್ಲಾಸು, ಗಟ್ಟಿಮುಟ್ಟಾಗಿದ್ದಾಳೆ.

"ಬೇಗ ಬಸುರಾದಳು, ಅದಕ್ಕೇ ಹೀಗಾಯ್ತು" ಎಂದು ಊರೆಲ್ಲ ಹೇಳಿತು. ಐದು ವರ್ಷ ಕಾದಿದ್ದರೂ ಹೀಗೇ ಆಗಬಹುದಿತ್ತು! ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಆರು ತಿಂಗಳು ಕಾಯುವುದು ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತ್ತು, ಹೌದು. ಆದರೆ ಸ್ಕಾಟ್ಲೆಂಡಿನಲ್ಲಿ ಸುಮಾರು 31 ಸಾವಿರ ಹೆಂಗಸರ ದಾಖಲೆ ನೋಡಿ 2010ರಲ್ಲಿ ಬಂದ ಅಧ್ಯಯನದಲ್ಲಿ, ಆರು ತಿಂಗಳೊಳಗೆ ಗರ್ಭಿಣಿಯಾದವರಿಗೇ ಮತ್ತೆ ಗರ್ಭಪಾತ ಕಡಿಮೆ ಎಂದು ಕಂಡಿತು. ಗರ್ಭದಲ್ಲಿ ಮಗುವಿನ ಬದಲು ದ್ರಾಕ್ಷಿ ಗೊಂಚಲಿನಂಥ ಗಡ್ಡೆ (ಮೋಲಾರ್ ಪ್ರೆಗ್ನೆನ್ಸಿ) ಬೆಳೆದು ತೆಗೆಸಿದ್ದರೆ ಮಾತು ಬೇರೆ, ಆಗ ಡಾಕ್ಟರ್ ಹೇಳಿದಷ್ಟು ಕಾಯಲೇಬೇಕು. ಹಾಗೇನೂ ಇಲ್ಲದಿದ್ದರೆ ಸುಮ್ನೆ ತಿಂಗಳು ಎಣಿಸಿ ಕೊರಗಬೇಡಿ. ಫೋಲಿಕ್ ಆಸಿಡ್ ಮಾತ್ರೆ ನಿಲ್ಲಿಸಿದ್ದರೆ ಡಾಕ್ಟರನ್ನು ಕೇಳಿ ಮತ್ತೆ ಶುರು ಮಾಡಿ.

ಒಮ್ಮೆ ಆಂಟಿಬಾಡಿ ಬಂದ ಮೇಲೆ ಆ ಇಂಜೆಕ್ಷನ್ ಪ್ರಯೋಜನಕ್ಕಿಲ್ಲ. ಮುಂದಿನ ಬಸುರಿನಲ್ಲಿ ತೊಂದರೆ ಇನ್ನೂ ಬೇಗ, ಇನ್ನೂ ಜಾಸ್ತಿ ಬರಬಹುದು ಎಂದು ಡಾಕ್ಟರು ಹೇಳಿದರು. ಮಗಳು ತಂಗಿ ಬೇಕು ಅಂತ ಕೇಳುತ್ತಿರುತ್ತಾಳೆ. ನಾವು ಒಬ್ಬಳಿಗೇ ಸಾಕು ಮಾಡಿದೆವು.

ನಿಮ್ಮ ಡಿಸ್ಚಾರ್ಜ್ ಚೀಟಿ ಹುಡುಕಿ. ನೆಗೆಟಿವ್ ಅಂತಿದ್ದರೆ ಇಂಜೆಕ್ಷನ್ ಕೊಟ್ಟಿದ್ದಾರಾ ನೋಡಿ, ಯಜಮಾನರ ರಕ್ತದ ಗುಂಪನ್ನೂ ಪರೀಕ್ಷೆ ಮಾಡಿಸಿ. ಅವರದೂ ನೆಗೆಟಿವ್ ಆದರೆ ಈ ಹೆದರಿಕೆ ಇಲ್ಲ. ಅವರದು ಪಾಸಿಟಿವ್ ಇದ್ದು, ಇಂಜೆಕ್ಷನ್ ಆಗಿರದಿದ್ದರೆ ಇದೇ ವಾರ ಐಸಿಟಿ ಮಾಡಿಸಿ. ತಾಯಿ ಕಾರ್ಡ್ ಮಾಡಿಸುವಾಗ ಹಿಂದೆ ಗರ್ಭ ಹೋದದ್ದನ್ನು ಬರೆಸಿ, ಮನೆಯವರು ಹೇಳಬೇಡ ಅಂದರೂ ಬರೆಸಿ.