ಮುಖಕ್ಕಿಂತ ಮೊದಲು ಬೆನ್ನು

ನಮಸ್ಕಾರ.

ಸೋಲ್ ನಗರದ ಬುಖಾನ್‌ಸಾನ್ ಬೆಟ್ಟದ ಸುಂಗ್‌ಗಾಸಾ ದೇಗುಲದಲ್ಲಿರುವ ಭಿಕ್ಷುವಿನ ಶಿಲಾಮೂರ್ತಿಯ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಬೆಟ್ಟ ಹತ್ತಿದ ಭಾಗ ಚೆನ್ನಾಗಿದೆ. ಏದುಸಿರಿನಿಂದ ಹೊರಟು ಗುಹೆಯ ತಂಪಿಗೆ ಬರುವ ಆ ಪುಟಕ್ಕೆ ನಾನು ಕೈ ಹಾಕುವುದಿಲ್ಲ. ಆದರೆ ಲೇಖನವನ್ನು ಈಗಿರುವ ಹಾಗೆ ಪ್ರಕಟಿಸಲಾರೆ.

‘ಶಿಲ್ಪಿ ಗುರುವನ್ನು ಎದುರಿಗೆ ಕೂರಿಸಿಕೊಂಡು ಒಂದೊಂದು ಸುಕ್ಕನ್ನೂ ನೋಡಿ ಕೆತ್ತಿದ’ ಎಂದು ಬರೆದಿದ್ದೀರಿ. ಇದು ನಿಜವಲ್ಲ. ಸುಂಗ್‌ಗಾ ಎಂದು ಕೊರಿಯಾದವರು ಕರೆಯುವ ಈ ಭಿಕ್ಷು ಮಧ್ಯ ಏಷ್ಯಾದಿಂದ ಚೀನಾಕ್ಕೆ ಬಂದು ಅಲ್ಲೇ 710ರಲ್ಲಿ ತೀರಿಕೊಂಡವರು. ಮೂರ್ತಿಯಾದದ್ದು 1024ರಲ್ಲಿ. ನಡುವೆ 314 ವರ್ಷ, ಜೊತೆಗೆ ಒಂದು ದೇಶದ ಗಡಿ. ಕೆತ್ತಿದವರಾರೂ ಅವರನ್ನು ಕಂಡಿರಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸುವುದು ಇದೇ ಸಂಗತಿ, ನಿಮ್ಮ ಕೈಗೆ ಸಿಕ್ಕಿಯೂ ಜಾರಿಹೋದದ್ದೂ ಇದೇ. ಕಾಣದವರ ಮುಖವನ್ನು ‘ಇವರೇ’ ಎಂದು ಜನ ಗುರುತಿಸಿದ್ದು ಹೇಗೆ?

ಈ ಪ್ರಶ್ನೆಯ ಉತ್ತರದಲ್ಲಿ ಅರ್ಧ, ಮೂರ್ತಿಯ ತಲೆಯ ಮೇಲಿದೆ. ಬುದ್ಧನ ವಿಗ್ರಹದಲ್ಲಿ ಉಷ್ಣೀಷ, ಅಂದರೆ ನೆತ್ತಿಯ ಮೇಲಿನ ಉಬ್ಬು, ಕಾಣುತ್ತದೆ. ಇವರಿಗೆ ತಲೆ ಮುಚ್ಚುವ ಬಟ್ಟೆಯಿದೆ. ಚೀನಾದಲ್ಲೂ ಇವರ ಗುರುತು ಅದೇ. ನೀವು ಅದನ್ನು ‘ಕಿರೀಟದಂಥ ಅಲಂಕಾರ’ ಎಂದು ಒಂದೇ ಮಾತಿನಲ್ಲಿ ದಾಟಿಬಿಟ್ಟಿರಿ. ಇವರನ್ನು ಕರುಣೆಯ ಬೋಧಿಸತ್ವನಾದ ಅವಲೋಕಿತೇಶ್ವರನ ಅವತಾರವೆಂದು ನಂಬುತ್ತಿದ್ದರು ಎಂಬುದನ್ನೂ ಹೇಳಿಲ್ಲ. ಒಬ್ಬ ಭಿಕ್ಷುವಿಗೆ ದೊಡ್ಡ ಪ್ರಭಾವಳಿ ಏಕೆಂದು ಓದುಗರು ಕೇಳಿಯೇ ಕೇಳುತ್ತಾರೆ.

ಉಳಿದರ್ಧ ಆ ಪ್ರಭಾವಳಿಯ ಹಿಂಬದಿಯಲ್ಲಿದೆ. ವರ್ಷ ಗೊತ್ತಾದದ್ದು ಅಲ್ಲಿನ ಶಾಸನದಿಂದ. ಜಿಗ್ವಾಂಗ್ ಎಂಬ ಭಿಕ್ಷು ಮುಂದಾಳಾಗಿ ನಿಂತರು, ಗ್ವಾಂಗ್ಯು ಮೊದಲಾದವರು ಕೆತ್ತಿದರು ಎಂದು ತಿಳಿದದ್ದೂ ಅದರಿಂದಲೇ. ಕೆತ್ತಿದವನ ಹೆಸರು ಸಾವಿರ ವರ್ಷ ಉಳಿದಿರುವಾಗ ನೀವು ‘ಅಜ್ಞಾತ ಶಿಲ್ಪಿ’ ಎಂದು ಬರೆದದ್ದು ನನಗೆ ನಿಜಕ್ಕೂ ನೋವಾಯಿತು.

ನಮ್ಮ ಓದುಗರಿಗೆ ಹತ್ತಿರದ ಹೋಲಿಕೆ ಬೇಕಿದ್ದರೆ ಅಜಂತಾ ಬೇಡ, ಕಲಬುರಗಿ ಜಿಲ್ಲೆಯ ಸನ್ನತಿಯ ಪಕ್ಕದ ಬೌದ್ಧ ನೆಲೆ ಕನಗನಹಳ್ಳಿ ಇದೆ. ಅಲ್ಲಿಯ ಫಲಕದಲ್ಲಿ ರಾಣಿಯೊಂದಿಗೆ ನಿಂತ ದೊರೆಯನ್ನು ಅಶೋಕನೆಂದು ನಾವು ಹೇಳುವುದು ಮುಖ ನೋಡಿ ಅಲ್ಲ, ‘ರಾಯೋ ಅಸೋಕೋ’ ಎಂಬ ಬ್ರಾಹ್ಮೀ ಬರಹ ಓದಿ. ಅದೂ ಅವನು ಹೋಗಿ ಬಹಳ ಕಾಲದ ಮೇಲೆ ಕೆತ್ತಿದ್ದು.

‘ದಿವ್ಯ’, ‘ಅಲೌಕಿಕ’, ‘ಮಂದಹಾಸ’ ಒಟ್ಟು ಹದಿನಾಲ್ಕು ಕಡೆ ಬಂದಿವೆ. ಎಲ್ಲವನ್ನೂ ತೆಗೆಯಿರಿ. ಬೆಟ್ಟದ ಪುಟ ಇರಲಿ; ಗುಹೆಗೆ ಬಂದ ಮೇಲೆ ಮೊದಲು ಆ ಶಾಸನ ಬರಲಿ, ಮುಖ ಆಮೇಲೆ. ತಿದ್ದಿ ಕಳಿಸಿ, ನಾನೇ ಓದುತ್ತೇನೆ.