ಸ್ವೀಡನ್, ಡೆನ್ಮಾರ್ಕ್, ನಾರ್ವೆಯಲ್ಲಿ ಧನ್ಯವಾದಕ್ಕೆ ‘ಟಕ್’ ಅನ್ನುವುದೇಕೆ?

ಮೂರೂ ದೇಶಗಳ ಭಾಷೆಗಳು ಒಂದೇ ತಾಯಿಯ ಮಕ್ಕಳು, ಅದಕ್ಕೆ. ಹಳೆಯ ನಾರ್ಸ್ ಭಾಷೆಯ ‘ಥೊಕ್’ ಇವುಗಳಲ್ಲಿ ‘ಟಕ್’ ಆಯಿತು. ಇಂಗ್ಲಿಷಿನ ‘ಥ್ಯಾಂಕ್’ ಕೂಡ ಇದರ ದಾಯಾದಿಯೇ. ‘ಕ್’ ಹಿಂದಿನ ‘ನ್’ ಸದ್ದು ನಾರ್ಸ್‌ನಲ್ಲಿ ಕರಗಿಹೋಯಿತು, ಅಷ್ಟೇ. ಬೇರಿನ ಅರ್ಥ ‘ಯೋಚನೆ’. ಒಳ್ಳೆಯದು ಮಾಡಿದವರನ್ನು ಮನಸ್ಸಿನಲ್ಲಿ ನೆನೆಯುವುದೇ ಮುಂದೆ ಧನ್ಯವಾದವಾಯಿತು.

ಬಳಕೆ ಮಾತ್ರ ನಮಗೆ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಸ್ವೀಡನ್ನಿನಲ್ಲಿ ಕಾಫಿ ಕೇಳುವಾಗಲೇ ‘ಎನ್ ಕಫ್ಫೆ, ಟಕ್’ ಅನ್ನುತ್ತಾರೆ. ‘ದಯವಿಟ್ಟು’ ಕೆಲಸವನ್ನೂ ಅದೇ ಮಾಡುತ್ತದೆ. ನಾರ್ವೆಯಲ್ಲಿ ಊಟ ಮುಗಿದ ಮೇಲೆ ‘ಟಕ್ ಫೊರ್ ಮಾತೆನ್’, ಅಂದರೆ ಊಟಕ್ಕೆ ಥ್ಯಾಂಕ್ಸ್. ಕೆಲವು ದಿನ ಬಿಟ್ಟು ಮತ್ತೆ ಸಿಕ್ಕರೆ ‘ಟಕ್ ಫೊರ್ ಸಿಸ್ತ್’, ಹೋದ ಸಲದ ಭೇಟಿಗೆ! ನನಗಂತೂ ಇದೇ ಜಾಸ್ತಿ ಇಷ್ಟ.

ಫಿನ್‌ಲೆಂಡಿನಲ್ಲಿ ಧನ್ಯವಾದಕ್ಕೆ ಅನ್ನುವ ‘ಕೀತೋಸ್’ಗೂ ಇದಕ್ಕೂ ಸಂಬಂಧವಿಲ್ಲ. ಫಿನ್ನಿಷ್ ಬೇರೆಯೇ ಕುಟುಂಬದ ಭಾಷೆ.